ಹುಳಿಗೆ ಕರಗದ ಎಲುಬು

ಗಂಡನ ಸಮಾಧಿಯ ಮೇಲಿನ ಕಲ್ಲಿನಲ್ಲಿದ್ದ ಪ್ರಾಣಿಯನ್ನು ತಿಕ್ಕಿ ತಿಕ್ಕಿ ಅಳಿಸಿಯೇ ತೀರುತ್ತೇನೆಂದು ಹಂಪವ್ವ ಹಟ ಹಿಡಿದಿದ್ದಳು. ಸೋಮವಾರ ಬಂತೆಂದರೆ ಒಂದು ಬೋಗುಣಿ ನೆನೆಸಿದ ಹುಣಸೆಹಣ್ಣು, ತೆಂಗಿನ ನಾರು, ಒಂದು ಕೊಡ ನೀರು ಹೊತ್ತು ತಳಕಲ್ಲ ಊರಿನ ಹೊರಗಿದ್ದ ತಮ್ಮ ಹೊಲಕ್ಕೆ ಹೋಗುತ್ತಿದ್ದಳು. ಕರಿ ಮಣ್ಣಿನ ಹೊಲ, ಮೂಲೆಯಲ್ಲಿ ಬೇವಿನ ಗಿಡ, ಗಿಡದ ಬುಡಕ್ಕೆ ಗಂಡ ಹೊಳಿಯಪ್ಪ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡಿ, ಎಂಥಾ ಹೆಂಡತಿ, ಗಂಡನ ಗದ್ದಿಗೆ ಹೆಂಗ ತೊಳೀತಾಳ ನೋಡು ಅನ್ನುತ್ತಿದ್ದರು. ಅವಳಿಗೆ ಕೇಳಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಹೊಳಿಯಪ್ಪ ಕುಷ್ಟಗಿಯ ಆಚೆ ಒಂದು ಕಲ್ಲು ಪಾಲಿಶ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ. ಸೋಮವಾರ ನಸುಕಿನ ಬಸ್ಸಿಗೆ ಯಲಬುರ್ಗಾ ಹಾದು ಹೋದರೆ ಶನಿವಾರ ಸಂಜೆಗೆ ಮನೆ. ಹುಬ್ಬಿನಲ್ಲಿ, ಕಿವಿಯಲ್ಲಿ, ಉಗುರಿನ ಸಂದಿಯಲ್ಲಿ ಕಲ್ಲಿನ ಹಿಟ್ಟು. ಮಾತು ಕಡಿಮೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಹಂಪವ್ವ ತವರಿಗೆ ಹೋಗುವ ದಾರಿಯಲ್ಲಿ ರೊಟ್ಟಿ ಗಂಟು ಹಿಡಿದು ಫ್ಯಾಕ್ಟರಿಗೆ ಹೋಗಿದ್ದಳು. ಮಶೀನು ತಿರುಗುತ್ತಿತ್ತು. ಎದುರಿಗೇ ನಿಂತಳು. ಬಿಸಿಲು ನೆತ್ತಿಗೆ ಬಂತು. ಅವನು ತಲೆ ಎತ್ತಲಿಲ್ಲ. ಮಶೀನು ನಿಂತ ಮೇಲೆ, ಆಗ ಕಂಡವನ ಹಾಗೆ, "ಯಾವಾಗ ಬಂದಿ?" ಅಂದ.

"ನಾ ಏನ್ ಕಂಬ ಅನ್ಕೊಂಡೀಯೇನ?" ಅಂದಿದ್ದಳು.

"ಕಂಬ ಆಗಿದ್ರ ಪಾಲಿಶ್ ಹಾಕ್ತಿದ್ದೆ," ಅಂದ. ಆಮೇಲೆ ರೊಟ್ಟಿ ಮುರಿಯುತ್ತ, "ಕಲ್ಲಿನ ಮುಂದ ನಿಂತಾಗ ಅತ್ತಿತ್ತ ನೋಡಬಾರದ. ನೋಡಿದಾವ್ರ ಕೈ ಹೋಗ್ಯಾವ," ಅಂದ.

ಅಂಥ ಮನುಷ್ಯ. ಹೆಂಡತಿಯನ್ನೇ ನೋಡದವನು. ಅವನು ಕಲ್ಲಿನೊಳಗಿನ ಚಿತ್ರ ನೋಡುತ್ತ ನಿಂತು ಸತ್ತ ಎಂದು ಊರಿಗೆ ಊರೇ ಹೇಳುತ್ತಿತ್ತು. ಹಂಪವ್ವನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಅದಕ್ಕೆ. ಸಾವು ಬೇರೆ, ಅದು ಯಾರನ್ನೂ ಬಿಟ್ಟಿಲ್ಲ. ಸತ್ತವನ ಮೇಲೆ ಹೊರಿಸಿದ ಮಾತು ಬೇರೆ.

ಮಾತು ಹೊರಿಸಿದವನು ಕಾಶಿನಾಥ, ಫ್ಯಾಕ್ಟರಿಯ ಮ್ಯಾನೇಜರ್. ಆ ವರ್ಷ ಯಾವುದೋ ದೊಡ್ಡ ಹೋಟೆಲಿನ ಸಲುವಾಗಿ ಹೊರದೇಶದಿಂದ ಹಡಗಿನಲ್ಲಿ ಬೂದುಗಪ್ಪು ಕಲ್ಲಿನ ಹಲಗೆಗಳು ಬಂದಿದ್ದವು. ಇಲ್ಲಿಯ ಕೆಂಪು ಕಲ್ಲಿನ ಹಾಗಲ್ಲ, ಮೆತ್ತಗಿನ ಕಲ್ಲು. ಒಂದು ಹಲಗೆಯಲ್ಲಿ ಉದ್ದಕ್ಕೆ ಏನೋ ಆಕಾರ, ಹಾಲು ಚೆಲ್ಲಿ ಒಣಗಿದ ಹಾಗೆ. ಅದನ್ನು ಕ್ರೇನಿನಿಂದ ಇಳಿಸುವಾಗ ಕಲ್ಲು ಎರಡಾಯಿತು. ಕೆಳಗಿನ ತುಂಡು ಹೊಳಿಯಪ್ಪನ ಮೇಲೆ ಬಿತ್ತು.

ಮಣ್ಣಾದ ಮೂರನೆಯ ದಿನ ಕಾಶಿನಾಥ ಒಂದು ಟೆಂಪೋದಲ್ಲಿ ಬಂದ. ಒಡೆದ ಅದೇ ಹಲಗೆಯ, ಮನುಷ್ಯ ಮಲಗುವಷ್ಟು ಉದ್ದದ ತುಂಡು ತಂದಿದ್ದ. ಹಂಪವ್ವ ಮನೆಯ ನಡುಮನೆಯಲ್ಲಿ ಬಿದ್ದಿದ್ದಳು. ಗಂಡಸರು ಕೂಡಿ ಕಲ್ಲನ್ನು ಹೊಲಕ್ಕೆ ಒಯ್ದು, ಸಮಾಧಿಯ ಮೇಲೆ ಹಾಸಿ, ಸುತ್ತಲೂ ಸಿಮೆಂಟು ಹಚ್ಚಿ ಕೂಡಿಸಿದರು. ಬೇವಿನ ಗಿಡದ ನೆರಳಿಗೆ ನಿಂತು ಕಾಶಿನಾಥ ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ:

"ಹೊಳಿಯಪ್ಪ ಛಲೋ ಮನಷ್ಯಾ. ಆದ್ರ ಅವತ್ತ ತನ್ನ ಜಾಗಾ ಬಿಟ್ಟು ಈ ಕಲ್ಲಿನಾಗಿನ ಚಿತ್ರಾ ನೋಡಾಕ ಒಳಗ ಬಂದಾ. ತೂಗಾಕತ್ತಿದ್ದ ಕಲ್ಲಿಗೆ ಕೈ ಹಚ್ಚಿದಾ. ಅದು ಹೋಗಿ ಕಲ್ಲ ನಿಲ್ಲಸೂ ಕಬ್ಬಿಣದ ಸ್ಟ್ಯಾಂಡಿಗೆ ಬಡೀತು, ಒಡೀತು. ಎಷ್ಟ ಸಲ ಹೇಳಿದ್ದೀವಿ, ಕೇಳಲಿಲ್ಲ. ಆದ್ರೂ ಮಾಲಕರು ದೊಡ್ಡ ಮನಸ ಮಾಡ್ಯಾರ. ಅಂವಾ ಮೆಚ್ಚಿದ ಕಲ್ಲು, ಅಂವಗ ಇರಲಿ ಅಂದ್ರು."

ಸಂಜೆಗೆ ಹೆಂಗಸರು ಬಂದು ಇದನ್ನು ಹಂಪವ್ವನಿಗೆ ಹೇಳಿದರು, ಸಮಾಧಾನ ಹೇಳುವ ದನಿಯಲ್ಲಿ. ಅವಳು ಎದ್ದು ಹೊಲಕ್ಕೆ ಓಡಿದಳು. ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಳಗೆ ಆ ಬಿಳಿ ಆಕಾರ, ಯಾವುದೋ ಪ್ರಾಣಿ ಮಲಗಿದ ಹಾಗೆ. ಮನೆಗೆ ಬಂದು ಅತ್ತೆಯ ಮುಂದೆ ನಿಂತಳು.

"ಕೊಂದ ಕಲ್ಲನ್ನ ತಂದು ಅಂವನ ಎದಿ ಮ್ಯಾಲೆ ಹೊರಸೀರಿ. ತಗಸ್ರಿ."

ಅತ್ತೆ ಬಸವಣ್ಣೆಮ್ಮ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. "ಇಟ್ಟ ಕಲ್ಲ ಎತ್ತಬಾರದವ್ವಾ. ಸತ್ತಾಂವಗ ನೆಮ್ಮದಿ ಇರೂದಿಲ್ಲ."

"ಈಗ ಭಾಳ ನೆಮ್ಮದಿ ಐತೇನ?"

"ಅಂವಾ ಸಣ್ಣಾಂವ ಇದ್ದಾಗಿಂದ ಹಂಗ," ಅಂದಳು ಮುದುಕಿ, ತಲೆ ಎತ್ತದೆ. "ದನಾ ಬಿಟ್ಟು ಹಕ್ಕಿ ನೋಡಕೋಂತ ನಿಂತಿರ್ತಿದ್ದ. ನನ್ನ ಮಗಾ ನನಗ ಗೊತ್ತಿಲ್ಲೇನ."

ಹೆತ್ತವಳೇ ನಂಬಿದ ಮೇಲೆ ಊರು ನಂಬುವುದು ಎಷ್ಟರ ಮಾತು. ಚಹಾದಂಗಡಿಯಲ್ಲಿ ಅದೇ ಮಾತು. ರಸ್ತೆ ಬದಿಯ ಜೆಸಿಬಿ ನೋಡುತ್ತ ನಿಂತ ಮಕ್ಕಳಿಗೆ ತಾಯಂದಿರು, "ಸರೀರಿ ಆಕಡೆ, ಹೊಳಿಯಪ್ಪನಂಗ ಬಾಯಿ ತಕ್ಕೊಂಡ ನಿಂದ್ರಬ್ಯಾಡ್ರಿ," ಅನ್ನುತ್ತಿದ್ದರು. ಇಪ್ಪತ್ತು ವರ್ಷ ಕಲ್ಲು ತಿಕ್ಕಿದವನ ಹೆಸರು ಊರಲ್ಲಿ ಅಷ್ಟಕ್ಕೆ ಉಳಿಯಿತು.

ಹಂಪವ್ವ ಹುಟ್ಟಿದ್ದು ಕುಷ್ಟಗಿ ಕಡೆಯ ಹಳ್ಳಿಯಲ್ಲಿ. ಹೊಸ್ತಿಲು ಕೆಂಪು ಕಲ್ಲು, ಒರಳು ಕಲ್ಲು, ದನದ ಗೋದಲಿ ಕಲ್ಲು. ಅಮಾವಾಸ್ಯೆಗೆ ಹುಣಸೆಹುಳಿ, ಬೂದಿ ಹಾಕಿ ಹೊಸ್ತಿಲು ತಿಕ್ಕುವುದು ಅವಳ ಅವ್ವ ಕಲಿಸಿದ್ದು. ಆ ಕಡೆಯ ಕಲ್ಲಿಗೆ ಹುಳಿ ಏನೂ ಮಾಡುವುದಿಲ್ಲ, ಕೊಳೆ ಹೋಗುತ್ತದೆ ಅಷ್ಟೆ. ಹುಳಿ ಕಲ್ಲನ್ನು ತಿನ್ನುತ್ತದೆಂದು ಅಲ್ಲಿ ಯಾರ ತಲೆಗೂ ಬಂದದ್ದಿಲ್ಲ. ಮೊದಲ ಅಮಾವಾಸ್ಯೆಗೆ ಅವಳು ಈ ಕಲ್ಲಿಗೂ ಹಾಗೇ ಹುಳಿ ಬಳಿದು, ನೀರು ಸಾಲದೆ, ಪೂರ್ತಿ ತೊಳೆಯದೆ ಬಂದಳು. ಮರುದಿನ ನೋಡಿದರೆ ಹೊಳಪು ಸತ್ತಿತ್ತು. ಮೈಮೇಲೆ ಬಿಳಿ ಬಿಳಿ ಮಚ್ಚೆ. ಕೈಯಾಡಿಸಿದಳು. ಹಸುವಿನ ನಾಲಿಗೆಯ ಹಾಗೆ ಒರಟು.

ಈ ಕಲ್ಲು ಹುಳಿಗೆ ಸೋಲುತ್ತದೆ.

ಗಂಡ ಸತ್ತ ಮೇಲೆ ಅವಳಿಗೆ ಸಂತೋಷವಾದದ್ದು ಅದೇ ಮೊದಲು. ಊರ ಬಾಯಿ ತಿಕ್ಕಿ ಅಳಿಸಲು ಬರುವುದಿಲ್ಲ. ಈ ಪ್ರಾಣಿಯನ್ನು ಅಳಿಸಬಹುದು. ಇದು ಇಲ್ಲವಾದರೆ ಅವನು ಏನು ನೋಡುತ್ತ ನಿಂತಿದ್ದ ಅನ್ನುತ್ತಾರೆ ಆಗ? ಅಂದಿನಿಂದ ಪ್ರತಿ ಸೋಮವಾರ ದಪ್ಪಗೆ ಹುಳಿ ಮೆತ್ತಿ, ಒಣಗಲು ಬಿಟ್ಟು, ತಿಕ್ಕಿದಳು. ಲಿಂಬೆಹಣ್ಣು ಸಿಕ್ಕರೆ ಅದನ್ನೂ ಹಿಂಡಿದಳು. ಕೈ ಬಿರಿದವು. ಜೋಳಕ್ಕೆ ಕಳೆ ಕೀಳುವಾಗ ಬಿರುಕಿಗೆ ಮಣ್ಣು ತುಂಬಿ ಉರಿಯುತ್ತಿತ್ತು. ಉರಿಯಲಿ ಅನ್ನುತ್ತಿದ್ದಳು. ಮಳೆಗಾಲ ಹೋಯಿತು, ಕಡಲೆ ಬಿತ್ತಿದರು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ, ಬಿಸಿಲು ಅಡ್ಡಕ್ಕೆ ಬೀಳುವ ಹೊತ್ತಿಗೆ, ಹುಳಿ ತೊಳೆದು ಅಂಗೈ ಆಡಿಸಿದಳು. ಏನೋ ಚುಚ್ಚಿತು. ಬಗ್ಗಿ ನೋಡಿದಳು. ಕಲ್ಲು ಸವೆದಿತ್ತು ನಿಜ. ಪ್ರಾಣಿ ಸವೆದಿರಲಿಲ್ಲ. ಸುತ್ತಲಿನ ಕಲ್ಲು ತಗ್ಗಿಗೆ ಹೋಗಿ ಅದು ಮೇಲೆ ಎದ್ದಿತ್ತು. ಪಕ್ಕೆಲುಬುಗಳು ಒಂದೊಂದೂ ಬೇರೆ ಬೇರೆ. ಕೊಕ್ಕಿನ ಹಾಗೆ ಉದ್ದನೆಯ ದವಡೆ, ತುಂಬ ಹಲ್ಲು. ಊಟದ ಗಂಗಾಳದಷ್ಟು ಕಣ್ಣು, ಅದರ ಸುತ್ತ ಎಸಳು ಜೋಡಿಸಿದ ಹಾಗೆ ಎಲುಬಿನ ಚೂರುಗಳು. ಅಳಿಸಲು ಕೂತವಳು ಅದನ್ನು ಇಷ್ಟು ದಿನ ಕಡೆದು ನಿಲ್ಲಿಸಿದ್ದಳು. ಹೊಟ್ಟೆಯ ಹಿಂಬದಿಯಲ್ಲಿ ಇನ್ನೂ ಏನೋ ಇತ್ತು. ಪೋಣಿಸಿದ ಮಣಿಯಂಥ ಸಣ್ಣ ಬೆನ್ನೆಲುಬುಗಳು, ಕಿರುಬೆರಳಿನಷ್ಟು ದವಡೆ. ಮರಿಗಳು.

ಬೋಗುಣಿಯನ್ನು ಎತ್ತಿ ಬೇವಿನ ಗಿಡಕ್ಕೆ ಒಗೆದಳು. ಬೋಗುಣಿ ನೆಗ್ಗಿತು.

ಸುದ್ದಿ ನಿಲ್ಲಲಿಲ್ಲ. ಹೆಂಗಸರು ಗುಂಪು ಕಟ್ಟಿ ಬಂದರು.

"ಮೊಸಳಿ ಐತಿ."

"ಮೊಸಳಿಗೆ ಇಂಥಾ ಕಣ್ಣ ಎಲ್ಲಿರ್ತಾವ? ನಿನ್ನ ಗಂಡಗ ಇರ್ತಾವ, ಪಗಾರದ ದಿನಾ."

"ಹೊಟ್ಯಾಗ ಮರಿ ನೋಡ್ರಿ. ತನ್ನ ಮರಿ ತಾನ ತಿಂದೈತಿ."

ಬಸವಣ್ಣೆಮ್ಮ ಕೋಲು ಊರಿಕೊಂಡು ಬಂದು, ಬಹಳ ಹೊತ್ತು ನೋಡಿ, "ತನ್ನ ಮರೀನ ಬಿಡಲಾರದ್ದು ನನ್ನ ಮಗನ್ನ ಬಿಡತೈತೇನ," ಅಂದು ಕಲ್ಲಿನ ಮೇಲೆ ಉಗುಳಲು ಹೋದವಳು, ಕೆಳಗೆ ಮಗನಿದ್ದಾನೆಂದು ನೆನಪಾಗಿ ಪಕ್ಕಕ್ಕೆ ಉಗುಳಿದಳು.

ಈ ಸುದ್ದಿ ಕುಕನೂರು ಸಂತೆಯಲ್ಲಿ ಮಕ್ಬುಲಸಾಬನ ಕಿವಿಗೆ ಬಿತ್ತು. ಆ ದಿನ ಕ್ರೇನ್ ನಡೆಸುತ್ತಿದ್ದವನು ಅವನೇ. ಕಲ್ಲು ಅವನಿಗೂ ಹೊಳಿಯಪ್ಪನಿಗೂ ನಡುವೆ ಪರದೆಯ ಹಾಗೆ ತೂಗುತ್ತಿದ್ದುದರಿಂದ ಅವನಿಗೆ ಏನೂ ಕಂಡಿರಲಿಲ್ಲ. ಅದನ್ನು ಮೊದಲ ದಿನವೇ ಹೇಳಿ ಅತ್ತಿದ್ದ. ಆಮೇಲೆ ಫ್ಯಾಕ್ಟರಿ ಬಿಟ್ಟು ಹಳೆ ಕಬ್ಬಿಣದ ವ್ಯಾಪಾರಕ್ಕೆ ನಿಂತಿದ್ದ. ಅವನ ಮಗಳು ಮುಸ್ಕಾನ ಧಾರವಾಡದಲ್ಲಿ ಕಲ್ಲು ಮಣ್ಣಿನ ವಿದ್ಯೆ ಓದುತ್ತಿದ್ದಳು. ರಜೆಗೆ ಬಂದವಳನ್ನು ಕರೆದುಕೊಂಡು ಹೊಲಕ್ಕೇ ಬಂದ.

ಮುಸ್ಕಾನ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕೊಡದ ನೀರು ಬೊಗಸೆಯಲ್ಲಿ ಹಾಕಿ ನೋಡಿದಳು.

"ಈ ಎಲುಬ ಯಾರ ಎತ್ತಿ ತಗದಾರ್ರಿ?"

"ನಾನ."

"ಏನ ಹಚ್ಚಿದ್ರಿ?"

"ಹುಣಸಿಹುಳಿ."

"ಯಾಕ್ರಿ?"

"ಅಳಸಾಕ."

ಹುಡುಗಿಗೆ ನಗು ಬಂತು. ಹಂಪವ್ವನ ಮುಖ ನೋಡಿ ನಿಲ್ಲಿಸಿದಳು. "ಕಲ್ಲಾಗ ಸುಣ್ಣ ಐತಿ ಯವ್ವಾ, ಅದಕ್ಕ ಹುಳಿ ತಿಂತು. ಎಲುಬು ಬ್ಯಾರೆ, ಅದು ಅಷ್ಟ ಲಗೂ ಕರಗೂದಿಲ್ಲ. ದೊಡ್ಡ ದೊಡ್ಡ ಲ್ಯಾಬಿನ್ಯಾಗ ಎಲುಬು ಬಿಡಸಾಕ ಹಿಂಗ ಹುಳಿ ಹಾಕ್ತಾರ. ಇನ್ನ ಮ್ಯಾಲೆ ಹಾಕಬ್ಯಾಡ್ರಿ. ಸಣ್ಣ ಎಲುಬು ಕಿತ್ತ ಬರ್ತಾವ."

"ಬರಲಿ. ನನ್ನ ಗಂಡನ್ನ ತಿಂದೈತಿ ಅಂತಾರ. ತನ್ನ ಮರೀನೂ ತಿಂದೈತಿ."

"ತಿಂದಿಲ್ಲ," ಅಂದಳು ಮುಸ್ಕಾನ. "ಯಾರ ಹೇಳಿದ್ರು?"

ಅವಳು ಹಂಪವ್ವನ ಬಿರಿದ ಕೈಯನ್ನೇ ಹಿಡಿದು ಕಲ್ಲಿನ ಮೇಲೆ ನಡೆಸಿದಳು. ಇದಕ್ಕೆ ಇಕ್ತಿಯೋಸಾರ್ ಅನ್ನುತ್ತಾರೆ, ಮೀನಿನ ಹಾಗೆ ಕಂಡರೂ ಮೀನಲ್ಲ, ಹಲ್ಲಿ ಹಾವುಗಳ ಕಡೆಯದು ಅಂದಳು. ಮನುಷ್ಯ ಹುಟ್ಟುವ ಕೋಟಿ ಕೋಟಿ ವರ್ಷ ಮೊದಲು ಸಮುದ್ರಕ್ಕೆ ಇಳಿದ ಕುಲ. ನೀರಲ್ಲೇ ಬಾಳು, ಆದರೆ ಉಸಿರಿಗೆ ಮೇಲೆ ಬರಲೇಬೇಕು. ಕಣ್ಣು ಇಷ್ಟು ದೊಡ್ಡದಿರುವುದು ಕತ್ತಲ ನೀರಿನಲ್ಲಿ ಬೇಟೆ ಹುಡುಕಲು. ನೀರಿನ ಭಾರಕ್ಕೆ ಕಣ್ಣು ಅಮುಕಿ ಹೋಗಬಾರದೆಂದು ಸುತ್ತ ಈ ಎಲುಬಿನ ಉಂಗುರ.

"ಇಲ್ಲೆ ಮುಟ್ರಿ. ಕರ್ರಗ ಸಣ್ಣ ಸಣ್ಣ ಕೊಕ್ಕಿ ಅದಾವಲ್ಲ? ಇದು ಊಟ. ಮೆತ್ತನ ಮೈಯಿನ ಜೀವಾ ತಿಂದೈತಿ, ಅದರ ಕೈಯಾಗಿನ ಕೊಕ್ಕಿ ಅರಗದ ಉಳದಾವ. ನುಂಗಿದ್ದೆಲ್ಲಾ ಇಲ್ಲೆ ಇರ್ತೈತಿ, ಎದಿ ಕೆಳಗ. ಮರಿ ಎಲ್ಲೆ ಅದಾವ ನೋಡ್ರಿ. ಹಿಂದ, ಸೊಂಟದ ಹತ್ರ. ಒಂದಕ್ಕೂ ಕಚ್ಚಿದ ಗುರ್ತ ಇಲ್ಲ. ಹೊಟ್ಟಿ ಹುಳಿಗೆ ಸವದಿಲ್ಲ. ಇದು ದಂಡಿಗೆ ತೆವಳಿ ಬಂದು ತತ್ತಿ ಇಡಾಕ ಬರೂದಿಲ್ಲ, ಕಾಲಿಲ್ಲ. ಹಿಂಗಾಗಿ ನೀರಾಗ ಹಡೀತಿತ್ತು."

ಹಂಪವ್ವನ ಕೈ ಮರಿಗಳ ಮೇಲೆ ನಿಂತಿತು. "ಅಂದ್ರ ಬಸರಿ."

"ತುಂಬಿದ ಬಸರಿ. ಹಡಿಯೂಕಿಂತ ಮೊದಲ ಸತ್ತೈತಿ. ತಳದ ಕೆಸರಿನ್ಯಾಗ ಮುಚ್ಚಿ ಹೋಗೈತಿ."

ಹಂಪವ್ವ ನೆಲಕ್ಕೆ ಕೂತಳು. ಅಂದಳು: "ಸತ್ತದ್ದರ ಮ್ಯಾಲೆ ಏನ ಹೇಳಿದ್ರೂ ನಡೀತೈತಿ. ಎದ್ದು ಬಂದು ಅಲ್ಲ ಅನ್ನಾಂಗಿಲ್ಲ."

ಮುಸ್ಕಾನ ಅಪ್ಪನನ್ನು, ಬಾಲ ಎಲ್ಲಿದೆ ಎಂದು ಕೇಳಿದಳು. ಉಳಿದ ತುಂಡನ್ನು ಫ್ಯಾಕ್ಟರಿಯ ದಾರಿಗೆ ಒಡೆದು ಹಾಕಿದ್ದಾರೆ, ಮೇಲೆ ಲಾರಿ ಓಡಾಡುತ್ತವೆ ಎಂದು ಅವನು ಹೇಳಿದ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸುಮ್ಮನಿರಲಾರದೆ ಒಂದು ಪಕ್ಕೆಲುಬಿನ ಮೇಲೆ ಬೆರಳಿಟ್ಟಳು.

"ಇಲ್ಲೆ ಗಂಟ ಹತ್ತೈತಲ್ಲ, ನೋಡ್ರಿ. ಇದು ಜೀವ ಇದ್ದಾಗ ಯಾರ ಜೋಡಿನೋ ಹೊಡದಾಡಿ ಎಲುಬ ಮುರಕೊಂಡೈತಿ. ಆಮ್ಯಾಲೆ ಕೂಡೈತಿ. ಮುಂದ ಎಷ್ಟೋ ದಿನಾ ಬದಕೈತಿ."

"ಜೀವ ಇದ್ದಾಗ ಮುರದದ್ದು ಅಂತ ಹೆಂಗ ಗೊತ್ತ?"

"ಸತ್ತ ಮ್ಯಾಲೆ ಮುರದ್ರ ಗಂಟ ಹತ್ತೂದಿಲ್ಲ. ಅಂಚು ಹಸೀದ ಇರ್ತೈತಿ. ಮುರತ ನೋಡಿದ್ರ ಯಾವಾಗಿಂದು ಅಂತ ಗೊತ್ತಾಕ್ಕೈತಿ."

ಈ ಪ್ರಾಣಿಯ ಪಕ್ಕೆಲುಬು ಕೂಡಿತ್ತು. ಹೊಳಿಯಪ್ಪನ ಪಕ್ಕೆಲುಬಿಗೆ ಕೂಡುವಷ್ಟು ಹೊತ್ತು ಸಿಗಲಿಲ್ಲ. ಹಂಪವ್ವ ಎದ್ದು ಕಲ್ಲಿನ ಕಾಲ್ದೆಸೆಗೆ ಹೋದಳು. ಬಾಲ ತುಂಡಾದ ಕಡೆ. ಕಲ್ಲು ಎರಡಾದ ಕಡೆ.

"ಈ ಮುರತ ಯಾವಾಗಿಂದು? ಹೇಳು."

ಮುಸ್ಕಾನ ಬಗ್ಗಿದಳು. ಅಂಚಿನ ಉದ್ದಕ್ಕೂ ಸೀರೆಗೆ ಹೊಲಿದ ಫಾಲಿನ ಹಾಗೆ ಹಳದಿ ಬಣ್ಣದ ಒಂದು ಗೆರೆ ಎದ್ದು ನಿಂತಿತ್ತು. ಇಷ್ಟು ದಿನ ತಿಕ್ಕುವಾಗ ಹಂಪವ್ವ ಅದನ್ನೂ ಎಲುಬೆಂದೇ ತಿಳಿದಿದ್ದಳು. ಹುಡುಗಿ ಉಗುರಿನಿಂದ ಗೀರಿದಳು. ಅಪ್ಪನ ಮುಖ ನೋಡಿದಳು. ಮಕ್ಬುಲಸಾಬ ಹೋಗಿ ಸೈಕಲ್ಲಿನ ಚೀಲದಿಂದ ಚಾಣ, ಸುತ್ತಿಗೆ ತಂದು ಆ ಬದಿಯ ಸಿಮೆಂಟನ್ನೆಲ್ಲ ಒಡೆದ. ಕಲ್ಲಿನ ಮುರಿದ ಮುಖ ಹೊರಗೆ ಬಂತು. ಅದು ಕಲ್ಲಿನ ಹಾಗಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಹೆಪ್ಪುಗಟ್ಟಿದ ಬೆಲ್ಲದ ಪಾಕದ ಹಾಗೆ ಹೊಳೆಯುತ್ತಿತ್ತು.

"ಅಂಟು," ಅಂದ ಮಕ್ಬುಲಸಾಬ. "ತಂಗಿ ಹಂಪವ್ವಾ, ಇದು ನಾವ ಎತ್ತೂಕಿಂತ ಮೊದಲ ಒಡದಿತ್ತು. ಅಂಟ ಹಾಕಿ ಕೂಡಿಸಿ ಮ್ಯಾಲೆ ಪಾಲಿಶ್ ಹೊಡದಾರ. ಯಾರಿಗೂ ಹೇಳಿಲ್ಲ. ಗಾಳ್ಯಾಗ ತೂಗೂವಾಗ ಅಂಟ ಬಿಟ್ಟೈತಿ. ಚಿಟ್ ಅಂತ ಸದ್ದ ಕೇಳಿತ್ತು ನನಗ. ಸ್ಟ್ಯಾಂಡಿಗೆ ಬಡದ ಸದ್ದಲ್ಲ ಅದು."

ಸ್ಟ್ಯಾಂಡಿಗೆ ಬಡಿದು ಒಡೆದಿದ್ದರೆ ಹಸಿ ಕಲ್ಲು ಕಾಣುತ್ತಿತ್ತು. ಕಾಣುತ್ತಿದ್ದುದು ಅಂಟು. ಇದನ್ನು ತಿಳಿಯಲು ಹಂಪವ್ವನಿಗೆ ಯಾವ ವಿದ್ಯೆಯೂ ಬೇಕಾಗಲಿಲ್ಲ. ಅವಳು ಅಳಲಿಲ್ಲ. ಬೆರಳನ್ನು ಆ ಅಂಟಿನ ಮೇಲೆ ಮೇಲಿಂದ ಕೆಳಗಿನವರೆಗೆ ಎಳೆದಳು.

ಮುಸ್ಕಾನ ತೆಗೆದ ಫೋಟೋಗಳು ಅವಳ ಗುರುಗಳಿಗೆ ಹೋದವು, ಅಲ್ಲಿಂದ ಮೊಬೈಲಿನಿಂದ ಮೊಬೈಲಿಗೆ ಹೋದವು, ಕಡೆಗೆ ಫ್ಯಾಕ್ಟರಿ ಮಾಲಕನ ಮೊಬೈಲಿಗೂ ಹೋದವು. ಕಡಲೆ ಕೀಳುವ ದಿನಗಳಲ್ಲಿ ಕಾಶಿನಾಥ ಮತ್ತೆ ಅದೇ ಟೆಂಪೋದಲ್ಲಿ ಹೊಲಕ್ಕೆ ಬಂದ. ಈ ಸಲ ನುಣ್ಣನೆಯ ಕರಿ ಕಲ್ಲು ತಂದಿದ್ದ. ಅದರ ಮೇಲೆ ಹೊಳಿಯಪ್ಪನ ಮುಖ ಕೊರೆಸಿದ್ದರು. ಕಲ್ಲಿನ ಹೊಳಿಯಪ್ಪ ನಗುತ್ತಿದ್ದ. ನಿಜದ ಹೊಳಿಯಪ್ಪ ಫೋಟೋಕ್ಕೆ ಎಂದೂ ನಕ್ಕವನಲ್ಲ.

ಕಡಲೆ ಕೀಳುತ್ತಿದ್ದ ಜನ ಎಲ್ಲ ಸುತ್ತ ಸೇರಿದರು. ಬಸವಣ್ಣೆಮ್ಮನೂ ಬಂದಳು.

"ಹಳೀದು ಹಾಳಾಗೇತಿ ನೋಡವ್ವಾ," ಅಂದ ಕಾಶಿನಾಥ. "ಹೊಳಪ ಹೋಗೇತಿ. ಅದನ್ನ ಒಯ್ದು ಇದನ್ನ ಇಡ್ತೀವಿ. ಮಾಲಕರು ದೊಡ್ಡ ಮನಸ..."

"ಅವರ ಮನಸ ನೋಡೀನಿ. ಇಲ್ಲೆ ಬರ್ರಿ. ಬೆರಳ ಕೊಡ್ರಿ."

ಅವನು ಏನೆಂದು ತಿಳಿಯದೆ ಕೈ ಚಾಚಿದ. ಹಂಪವ್ವ ಅವನ ಬೆರಳನ್ನು ಹಿಡಿದು ಮುರಿದ ಮುಖದ ಮೇಲೆ ಒತ್ತಿ ಎಳೆದಳು. ಅವನು ಕೈ ಕಿತ್ತುಕೊಂಡ.

"ಇದೇನ್ರಿ?" ಅಂದಳು.

"ಅಂಟು. ಎಲ್ಲಾ ಕಲ್ಲಿಗೂ ಹಾಕ್ತಾರ. ಗಟ್ಟಿ ಇರಲಿ ಅಂತ ಬೆನ್ನಿಗೆ ಜಾಳಿಗಿ ಹಚ್ಚಿ..."

"ಬೆನ್ನಿಗೆ ಹಾಕ್ತೀರಿ. ನಡಕ್ಕ ಯಾಕ ಹಾಕೀರಿ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಾಶಿನಾಥ ದನಿ ಇಳಿಸಿದ. "ಯವ್ವಾ, ಆಗಿದ್ದ ಆತು. ಈ ಕಲ್ಲ ಕೊಡು. ಅದನ್ನಿಟ್ಟಕೊಂಡು ನೀ ಏನ ಮಾಡ್ತಿ? ನಿನಗೇನ ಬೇಕ ಹೇಳು."

"ಈ ಗಿಡದ ಕೆಳಗ ನಿಂತು ಒಂದ ಮಾತ ಹೇಳಿದ್ರಿ. ಅಲ್ಲೇ ನಿಂತು ಇನ್ನೊಂದ ಮಾತ ಹೇಳ್ರಿ. ಹೊಳಿಯಪ್ಪ ಎಲ್ಲೆ ನಿಂತಿದ್ದ? ಅದನ್ನ ಹೇಳ್ರಿ. ಆಮ್ಯಾಲೆ ಕಲ್ಲಿನ ಮಾತ."

ಕಾಶಿನಾಥ ಟೆಂಪೋ ನೋಡಿದ, ಜನರನ್ನು ನೋಡಿದ. ಮೊಬೈಲಿನಲ್ಲಿ ಮಾಲಕನ ಕರೆ ಬಡಿದುಕೊಳ್ಳುತ್ತಿತ್ತು. ಗಿಡದ ಕೆಳಗೆ ಹೋಗಿ ನಿಂತ.

"ತನ್ನ ಜಾಗಾದಾಗ ಇದ್ದ," ಅಂದ.

"ಕೇಳಸಲಿಲ್ಲ. ಅವತ್ತ ಎಷ್ಟ ಜೋರ ಹೇಳಿದ್ರಿ, ಅಷ್ಟ ಜೋರ ಹೇಳ್ರಿ."

"ಅಂವಾ ತನ್ನ ಜಾಗಾದಾಗ ಇದ್ದ. ಕ್ರೇನಿನ ಪಟ್ಟಾ ಬಿಚ್ಚಾಕ ನಾವ ನಿಲ್ಲಿಸಿದ ಜಾಗಾದಾಗ. ಚಿತ್ರಾ ಗಿತ್ರಾ ನೋಡಿಲ್ಲ. ಕಲ್ಲ ಮೊದಲ ಸೀಳಿತ್ತು." ಬೆವರು ಒರೆಸಿಕೊಂಡ. "ಆತಲ್ಲ? ಈಗ ಎತ್ತಸಲ್ಯಾ?"

"ಇಲ್ಲ."

"ಆಮ್ಯಾಲೆ ಕಲ್ಲಿನ ಮಾತ ಅಂದಿದ್ದಿಯಲ್ಲ."

"ಕಲ್ಲಿನ ಮಾತ ಇದ. ಕೊಡೂದಿಲ್ಲ."

ಅವನ ಮುಖ ಕೆಂಪಾಯಿತು. ಟೆಂಪೋದ ಹಮಾಲರಿಗೆ ಸನ್ನೆ ಮಾಡಿದ. ಅವರು ಎರಡು ಹೆಜ್ಜೆ ಇಟ್ಟರು. ಬಸವಣ್ಣೆಮ್ಮ ಕೋಲು ಊರಿಕೊಂಡು ನಡುವೆ ಬಂದು, ಮಗನ ಸಮಾಧಿಯ ತಲೆದೆಸೆಗೆ ಕೂತುಬಿಟ್ಟಳು.

"ಇಟ್ಟ ಕಲ್ಲ ಎತ್ತಬಾರದು," ಅಂದಳು. "ಎತ್ತಿದ್ರ ಮುದಿಕಿನ್ನೂ ಕೂಡಿಸೇ ಎತ್ತರಿ."

ಹಮಾಲರು ನಿಂತರು. ಅವರೂ ಕಲ್ಲು ಹೊರುವವರು. ಕಾಶಿನಾಥ ನಗುವ ಹೊಳಿಯಪ್ಪನನ್ನು ಕರೆದುಕೊಂಡು ಬಂದ ದಾರಿಗೆ ಹೋದ. ಆಮೇಲೆ ಕುಷ್ಟಗಿಯಲ್ಲಿ ಅವನು ತಾನು ಹಾಗೆ ಹೇಳಿಯೇ ಇಲ್ಲ, ಜನ ಹೆದರಿಸಿದರು ಅಂದನಂತೆ. ಅನ್ನಲಿ. ಹೊಲದಲ್ಲಿ ಕೇಳಿದವರ ಕಿವಿ ಕಿತ್ತುಕೊಂಡು ಹೋಗಲು ಅವನಿಗೆ ಬರುವುದಿಲ್ಲ.

ಹಂಪವ್ವ ಈಗಲೂ ಸೋಮವಾರ ಹೋಗುತ್ತಾಳೆ. ಬರೀ ನೀರು ಒಯ್ಯುತ್ತಾಳೆ. ಬಿಸಿಲು ಹೆಚ್ಚಾದರೆ ಕಲ್ಲಿಗೆ ಗೋಣಿತಟ್ಟು ಹೊದಿಸುತ್ತಾಳೆ. ಪ್ರಾಣಿಯನ್ನು ನೋಡಲು ಕೊಪ್ಪಳದಿಂದ, ಗಂಗಾವತಿಯಿಂದ ಜನ ಬರುತ್ತಾರೆ, ಸಾಲಿ ಮಕ್ಕಳೂ ಬರುತ್ತಾರೆ. ಬಂದವರು ತಟ್ಟು ಸರಿಸಲು ಹೋದರೆ ಅವಳು ಬಿಡುವುದಿಲ್ಲ. ಮೊದಲು ಅವರ ಬೆರಳು ಹಿಡಿದು ಕಾಲ್ದೆಸೆಯ ಅಂಟಿನ ಮುಖದ ಮೇಲೆ ಎಳೆಯುತ್ತಾಳೆ.

"ಇದೇನು, ಹೇಳ್ರಿ."

ಅವರು ಅಂಟು ಅನ್ನುವವರೆಗೆ ಬಿಡುವುದಿಲ್ಲ. ಅಂದ ಮೇಲೆ ತಟ್ಟು ತೆಗೆದು, ಬಸುರಿಯನ್ನು ತೋರಿಸುತ್ತಾಳೆ.